ಸವಳು ನೆಲ್ಲು

ಹಂಪಮ್ಮನಿಗೆ ಆ ಕೆಲಸ ಸಿಕ್ಕಿದ್ದು ಅವಳ ಮೂಗಿನಿಂದ. ಹಾಗಂತ ಊರೆಲ್ಲ ನಂಬಿತ್ತು, ಅವಳೂ ನಂಬಿದ್ದಳು.

ಸವಳಹಾಳದ ಶಾಲೆಯಲ್ಲಿ ಅವಳು ಒಂಬತ್ತು ವರ್ಷ ಬಿಸಿಯೂಟದ ಅಡುಗೆ ಮಾಡಿದ್ದಳು. ಚೀಲದ ಬಾಯಿ ಬಿಚ್ಚಿದ ಕೂಡಲೇ ಅಕ್ಕಿ ಎಷ್ಟು ಹಳೆಯದು, ಎಲ್ಲಾದರೂ ನೀರು ಕುಡಿದಿದೆಯೇ ಎಂದು ಹೇಳಿಬಿಡುತ್ತಿದ್ದಳು. ಒಮ್ಮೆ ಬೇಳೆ ಕುದಿಯುವಾಗ ಹಬೆಯಲ್ಲೇ ಅನುಮಾನ ಬಂದು ಇಡೀ ಪಾತ್ರೆ ಚೆಲ್ಲಿಸಿದ್ದಳು. ತಳದಲ್ಲಿ ಹಲ್ಲಿ ಸಿಕ್ಕಿತ್ತು. ಆದ್ದರಿಂದ ಬೀಜದ ಕಂಪನಿಯವರು ಹೊಸ ಅಕ್ಕಿಯ ರುಚಿ, ವಾಸನೆ ನೋಡಲು ಊರಿನ ಐದು ಹೆಂಗಸರನ್ನು ಆರಿಸಿಕೊಂಡಾಗ ಮೊದಲ ಹೆಸರು ಅವಳದೇ ಆಗಿದ್ದರಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. ವಾರಕ್ಕೆ ಮೂರು ದಿನ ಕಂಪನಿಯ ಜೀಪು ಬಂದು ಅವರನ್ನು ಹನ್ನೆರಡು ಕಿಲೋಮೀಟರ್ ದೂರದ ಸಿಂಧನೂರು ರಸ್ತೆಯ ಪ್ರಯೋಗಾಲಯಕ್ಕೆ ಕರೆದೊಯ್ಯುತ್ತಿತ್ತು. ಅಲ್ಲಿನ ತಣ್ಣನೆಯ ಕೋಣೆಯಲ್ಲಿ ಹಂಪಮ್ಮ ಅನ್ನ ಬೇಯಿಸಿ, ನಂಬರು ಬರೆದ ಸ್ಟೀಲ್ ಬಟ್ಟಲುಗಳಿಗೆ ಹಾಕಿ ಮುಚ್ಚಳ ಮುಚ್ಚುತ್ತಿದ್ದಳು. ಆಮೇಲೆ ಐವರೂ ಒಂದೊಂದೇ ಮುಚ್ಚಳ ತೆಗೆದು ಮೂಸಿ, ಬಾಯಿಗಿಟ್ಟು, ಕಾಗದದಲ್ಲಿ ಗುರುತು ಹಾಕಬೇಕು. ವಾಸನೆ ಎಂಬ ಸಾಲಿನಲ್ಲಿ ಒಂದು ವರ್ಷದಿಂದ ಐವರೂ ಬರೆಯುತ್ತಿದ್ದುದು ಒಂದೇ ಮಾತು: ಇಲ್ಲ.

ಸವಳಹಾಳ ಕಾಲುವೆಯ ಕಟ್ಟಕಡೆಯ ಊರು. ಮೇಲಿನವರು ನೀರು ಕಟ್ಟಿ ಕಟ್ಟಿ, ಅದೆಲ್ಲ ನೆಲದೊಳಗೆ ಜಿನುಗಿ ಬಂದು, ಇಲ್ಲಿನ ಹೊಲಗಳ ಹೊಟ್ಟೆಯಲ್ಲಿದ್ದ ಉಪ್ಪನ್ನು ಮೇಲಕ್ಕೆತ್ತಿತ್ತು. ಇಪ್ಪತ್ತು ವರ್ಷ ಉಪ್ಪೇರಿ ಸವಳಾದ ಆ ನೆಲ ಸುಣ್ಣ ಬಳಿದಂತೆ ಬೆಳ್ಳಗೆ ಬಿದ್ದಿತ್ತು. ಜಾಲಿ ಬಿಟ್ಟರೆ ಏನೂ ಬೆಳೆಯುತ್ತಿರಲಿಲ್ಲ. ಹಂಪಮ್ಮನ ಗಂಡ ಕರಿಯಪ್ಪ ನಾಲ್ಕು ಎಕರೆ ಇಟ್ಟುಕೊಂಡೂ ಬೇರೆಯವರ ಗದ್ದೆಯಲ್ಲಿ ಕಳೆ ಕೀಳುತ್ತಿದ್ದ. ಅಂಥ ಊರಿಗೆ ಕಂಪನಿ ಕ್ಷಾರಜಿತ್ ಎಂಬ ಭತ್ತ ತಂದಿತು. ಜನ ಅದನ್ನು ಸವಳು ನೆಲ್ಲು ಎಂದರು.

ಅದನ್ನು ರೂಪಿಸಿದವಳು ವಿಶಾಲಾಕ್ಷಿ ಎಂಬ ವಿಜ್ಞಾನಿ, ಮಂಡ್ಯದ ಕಡೆಯವಳು. ಬಿತ್ತನೆಗೆ ಮುಂಚೆ ಊರಿನ ಕಟ್ಟೆಯ ಮೇಲೆ ಕುಳಿತು ಜನರಿಗೆ ತಿಳಿಸಿ ಹೇಳಿದ್ದಳು. ಗಿಡಕ್ಕೆ ಓಡಿಹೋಗಲು ಕಾಲಿಲ್ಲ. ಬಿಸಿಲಿರಲಿ ಉಪ್ಪಿರಲಿ ನಿಂತಲ್ಲೇ ಎದುರಿಸಬೇಕು. ಯಾವಾಗ ಚಿಗುರಬೇಕು, ಯಾವಾಗ ಬೆಳವಣಿಗೆ ನಿಲ್ಲಿಸಿ ಜೀವ ಉಳಿಸಿಕೊಳ್ಳಬೇಕು ಎಂಬುದೆಲ್ಲ ಅದರ ವಂಶವಾಹಿಗಳಲ್ಲಿ ಬರೆದಿರುತ್ತದೆ. ಮಾಮೂಲಿ ಭತ್ತ ಉಪ್ಪು ತಾಗಿದ ಕೂಡಲೇ ಬೆಳೆಯುವುದನ್ನೇ ಬಿಟ್ಟು ಮುದುಡಿ ಸಾಯುತ್ತದೆ. ಸಮುದ್ರದ ಹಿನ್ನೀರಿನ ಒಂದು ಹುಲ್ಲಿನಿಂದ ತಾನು ತೆಗೆದ ವಂಶವಾಹಿ ಎಲೆಯ ಕಣಕಣದಲ್ಲೂ ಒಂದು ಕಾಪಿನ ರಸ ತುಂಬುತ್ತದೆ. ಆಗ ಗಿಡ ಉಪ್ಪಿನ ನಡುವೆಯೂ ಬೆಳೆಯುತ್ತಲೇ ಇರುತ್ತದೆ. ಅದಕ್ಕೊಂದು ಸ್ವಿಚ್ಚೂ ಇದೆ. ಉಪ್ಪು ಏರಿದರೆ ಹತ್ತಿಕೊಳ್ಳುತ್ತದೆ, ಇಳಿದರೆ ಆರುತ್ತದೆ.

ಅವಳು ಹೇಳಿದ್ದು ನಿಜವಾಯಿತು. ಮೊದಲ ಬೇಸಿಗೆಯಲ್ಲೇ ಬಿಳಿ ನೆಲದ ಮೇಲೆ ಮೊಣಕಾಲೆತ್ತರದ ಹಸಿರು ನಿಂತಿತು. ಆ ದಿನಗಳಲ್ಲಿ ಊರಲ್ಲಿ ಏನೋ ಸತ್ತ ವಾಸನೆ ಬರುತ್ತಿದೆಯೆಂದು ಕೆಲವರು ಬೇಲಿ, ಬಾವಿ, ತಿಪ್ಪೆ ಹುಡುಕಿದ್ದುಂಟು. ಹದಿನೈದು ದಿನ ಕಳೆಯುವಷ್ಟರಲ್ಲಿ ಆ ಮಾತು ನಿಂತುಹೋಯಿತು. ನೆಲ್ಲು ಮನೆಗೆ ಬಂತು, ಕರಿಯಪ್ಪ ಪಡಸಾಲೆಯಲ್ಲೇ ಚೀಲ ಒಟ್ಟಿ ಅದರ ಪಕ್ಕ ಹಾಸಿಗೆ ಹಾಸಿಕೊಂಡ.

ಮೂರನೆಯ ಬೇಸಿಗೆಯಲ್ಲಿ ಮಗ ಯಮನೂರನ ಮದುವೆಯಾಯಿತು. ಹುಡುಗಿ ಹುಲಿಗೆಮ್ಮ, ಕುಷ್ಟಗಿ ಹತ್ತಿರದ ಹಳ್ಳಿಯವಳು. ಊರ ಮುಂದೆ ಟ್ರ್ಯಾಕ್ಟರಿನಿಂದ ಇಳಿದವಳೇ ಸೆರಗಿನಿಂದ ಮೂಗು ಮುಚ್ಚಿಕೊಂಡು ರಸ್ತೆಯ ಪಕ್ಕ ಕುಕ್ಕರಿಸಿ ವಾಂತಿ ಮಾಡಿಕೊಂಡಳು. ಸುತ್ತಲಿದ್ದ ಹೆಂಗಸರು ಮುಸಿಮುಸಿ ನಕ್ಕರು. ಮನೆಯಲ್ಲಿ ಒಂದು ತುತ್ತು ಉಣ್ಣಲಾರಳು, ಚೊಂಬಿನ ನೀರು ಬಾಯಿಗೆ ಹಚ್ಚಲಾರಳು. ಅಂಗಡಿಯ ಸೋಡಾ, ಮಂಡಕ್ಕಿ ಇಷ್ಟರಲ್ಲೇ ದಿನ ತಳ್ಳುತ್ತಿದ್ದಳು. ಐದನೆಯ ದಿನ ಹಂಪಮ್ಮನ ಬಳಿ ಬಂದು ಮೆಲ್ಲಗೆ ಹೇಳಿದಳು.

"ಅತ್ತಿ, ಈ ಊರಾಗ ಏನೋ ಸತ್ತೈತಿ."

ಹಂಪಮ್ಮ ಅದನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಮಂಚದಡಿ, ಮಾಡಿನ ಸಂದಿ, ದನದ ಕೊಟ್ಟಿಗೆ ಎಲ್ಲ ಹುಡುಕಿದಳು. ಜೀರಿಗೆ, ಸೀಮೆಎಣ್ಣೆ, ಸಗಣಿ, ತನ್ನ ಕೈಯ ಬೆಳ್ಳುಳ್ಳಿ ಎಲ್ಲ ಬೇರೆಬೇರೆಯಾಗಿ ಮೂಗಿಗೆ ಬಂದವು. ಸತ್ತದ್ದರ ಸುಳಿವಿಲ್ಲ. ತನ್ನ ಮೂಗಿಗೆ ಸಿಗದ ವಾಸನೆ ಈ ಹುಡುಗಿಗೆ ಸಿಕ್ಕಿದೆ ಎಂದರೆ ಅದು ವಾಸನೆಯಲ್ಲ, ಗಂಡನ ಮನೆಯ ಮೇಲಿನ ತಾತ್ಸಾರ ಎಂದು ಅವಳಿಗೆ ಅನ್ನಿಸಿತು. ಅದು ಮುಖದಲ್ಲೂ ಕಂಡಿತು.

ತಿಂಗಳು ಕಳೆದರೂ ಸೊಸೆ ಬದಲಾಗಲಿಲ್ಲ. ಕೊನೆಕೊನೆಗೆ ನಲ್ಲಿಯ ನೀರಂತೂ ಮೊದಲಿಗಿಂತ ಹೊಲಸಾಗಿದೆ ಎಂದು ಹಟ ಹಿಡಿದಳು. ಯಮನೂರ ರೇಗಿ, ಊರೆಲ್ಲ ಅದನ್ನೇ ಕುಡಿಯುವುದಿಲ್ಲವೇ ಎಂದು ಕೇಳಿದ. ಅವನ ಮೈಯೂ ಹಾಗೇ ನಾರುತ್ತದೆ, ಹತ್ತಿರ ಬಂದರೆ ಹೊಟ್ಟೆ ತೊಳಸುತ್ತದೆ ಎಂದು ಅವಳು ಅಂದುಬಿಟ್ಟಳು. ಮರುದಿನ ಬೆಳಿಗ್ಗೆಯ ಬಸ್ಸಿಗೆ ತವರಿಗೆ ಹೋದಳು.

ಮೂರು ದಿನ ಬಿಟ್ಟು ಸೊಸೆಯನ್ನು ಕರೆತರಲು ಹಂಪಮ್ಮನೇ ಹೊರಟಳು. ಹಾದಿಯಲ್ಲೇ ಹೊಟ್ಟೆ ಕೆಟ್ಟಿತು. ಬೀಗರ ಮನೆ ಮುಟ್ಟುವ ಹೊತ್ತಿಗೆ ನಿಲ್ಲುವ ತ್ರಾಣವಿರಲಿಲ್ಲ. ವಾಂತಿ, ಭೇದಿ, ಜ್ವರ. ಕುಷ್ಟಗಿಯಲ್ಲಿ ಎರಡು ಬಾಟಲಿ ಸಲೈನ್ ಹಾಕಿಸಿ ಮನೆಗೆ ತಂದು ಮಲಗಿಸಿದರು. ಯಾರ ಮನೆ ಬಿಟ್ಟು ಬಂದಿದ್ದಳೋ ಆ ಅತ್ತೆಯ ಬಟ್ಟೆಯನ್ನು ಹುಲಿಗೆಮ್ಮನೇ ಒಗೆದಳು, ಗಂಜಿ ಕುಡಿಸಿದಳು, ಎಬ್ಬಿಸಿ ಹಿತ್ತಲಿಗೆ ಕರೆದೊಯ್ದಳು. ಹೀಗೆ ಹನ್ನೊಂದು ದಿನ.

ಹತ್ತನೆಯ ದಿನ ಬೆಳಿಗ್ಗೆ ಒಲೆಯ ಮೇಲೆ ರೊಟ್ಟಿ ಸುಡುವ ಪರಿಮಳಕ್ಕೆ ಹಂಪಮ್ಮನಿಗೆ ಎಚ್ಚರವಾಯಿತು. ಬಹಳ ದಿನದ ಮೇಲೆ ಹಸಿವಾಗಿತ್ತು. ಸ್ನಾನ ಮಾಡಿ ಸೀರೆ ಉಡೋಣವೆಂದು ತನ್ನ ಚೀಲ ಹುಡುಕಿದರೆ ಗೂಟದಲ್ಲಿ ಇರಲಿಲ್ಲ. ಹುಲಿಗೆಮ್ಮ ಮೊದಲ ದಿನವೇ ಅದನ್ನು ಹೊರಗೆ ಬೇವಿನ ಟೊಂಗೆಗೆ ನೇತುಹಾಕಿದ್ದಳಂತೆ. ಹಂಪಮ್ಮ ಹೋಗಿ ಚೀಲ ಇಳಿಸಿ ಬಾಯಿ ಬಿಚ್ಚಿದಳು.

ಹೆಣದ ವಾಸನೆ. ಸಿಹಿ ಬೆರೆತ, ಗಂಟಲಿಗೆ ಅಂಟಿಕೊಳ್ಳುವ, ಬೇಸಿಗೆಯಲ್ಲಿ ಮೂರು ದಿನ ಬಿದ್ದ ದನದ ವಾಸನೆ. ಚೀಲದಲ್ಲಿ ಇಲಿ ಸತ್ತಿರಬೇಕೆಂದು ಎಲ್ಲವನ್ನೂ ನೆಲಕ್ಕೆ ಸುರುವಿದಳು. ಎರಡು ಸೀರೆ, ಒಂದು ಟವಲು, ಬಾಚಣಿಗೆ, ಬೀಗರಿಗೆಂದು ತಂದ ಒಂದು ಸೇರು ಅಕ್ಕಿ. ಬೇರೇನೂ ಇರಲಿಲ್ಲ. ಒಂದೊಂದನ್ನೇ ಎತ್ತಿ ಮೂಸಿದಳು. ಇಸ್ತ್ರಿ ಮಾಡಿ ಮಡಿಸಿದ್ದ ಸೀರೆಯಲ್ಲಿ ಅದೇ. ಟವಲಿನಲ್ಲಿ ಅದೇ. ಬಾಚಣಿಗೆಯ ಹಲ್ಲಿಗೆ ಸಿಕ್ಕಿದ್ದ ತನ್ನ ಕೂದಲಿನಲ್ಲೂ ಅದೇ. ಬೇವಿನ ಬುಡ ಹಿಡಿದುಕೊಂಡು ಖಾಲಿ ಹೊಟ್ಟೆಯಲ್ಲೇ ಓಕರಿಸಿದಳು. ಹುಲಿಗೆಮ್ಮ ಬಂದು ಬೆನ್ನು ನೇವರಿಸಿದಳು. ಅಂದೇ ಹೇಳಿರಲಿಲ್ಲವೇ ಎಂದು ಆ ಹುಡುಗಿ ಕೇಳದೇ ಇದ್ದದ್ದಕ್ಕೇ ಹಂಪಮ್ಮನಿಗೆ ಹೆಚ್ಚು ನಾಚಿಕೆಯಾಯಿತು.

ಮಾರನೆಯ ದಿನ ಅವಳು ಒಬ್ಬಳೇ ಊರಿಗೆ ಹಿಂತಿರುಗಿದಳು. ಬಸ್ಸು ಕಾಲುವೆಯ ಸೇತುವೆ ದಾಟಿದ ಕೂಡಲೇ ಗಾಳಿ ಬದಲಾಯಿತು. ಎರಡೂ ಬದಿಗೆ ಸವಳು ನೆಲ್ಲು ತೆನೆ ಹೊತ್ತು ನಿಂತಿತ್ತು, ಮಧ್ಯಾಹ್ನದ ಬಿಸಿಲಿಗೆ ಎಲೆಗಳು ಮಿಂಚುತ್ತಿದ್ದವು. ಅಷ್ಟು ಚೆಲುವಾದ ಹಸಿರಿನಿಂದ ಸ್ಮಶಾನದ ಉಸಿರು ಎದ್ದು ಬರುತ್ತಿತ್ತು. ಕಟ್ಟೆಯ ಮೇಲೆ ಕುಳಿತವರು ನಗುನಗುತ್ತ ಯೋಗಕ್ಷೇಮ ಕೇಳಿದರು. ಬಾಯಿ ತೆರೆದರೆ ಒಳಗೆ ಹೋದೀತೆಂದು ಅವಳು ತಲೆಯಾಡಿಸಿ ಮುಂದೆ ನಡೆದಳು.

ನೀರಿನ ಟ್ಯಾಂಕಿನ ಹತ್ತಿರ ಬಂದಾಗ ಅವಳ ಕಾಲು ನಿಂತಿತು. ಹೊಲದ ವಾಸನೆಯ ನಡುವೆ ಇನ್ನೊಂದಿತ್ತು. ಇದರಲ್ಲಿ ಕೂದಲು, ಮಾಂಸ, ಪಾಚಿ ಎಲ್ಲ ಸೇರಿದ್ದವು. ನಲ್ಲಿ ತಿರುಗಿಸಿ ಬೊಗಸೆಯಲ್ಲಿ ನೀರು ಹಿಡಿದು ಮೂಗಿನ ಬಳಿ ತಂದಳು. ಕೊಡ ಹಿಡಿದು ಸಾಲಿನಲ್ಲಿದ್ದ ಹೆಂಗಸರು ಅವಳನ್ನೇ ನೋಡುತ್ತಿದ್ದರು. ಯಾರೂ ನೀರು ತುಂಬಬೇಡಿರೆಂದು ಹೇಳಿ ಯಮನೂರನನ್ನು ಕರೆಸಿ ಟ್ಯಾಂಕ್ ಹತ್ತಿಸಿದಳು. ಮುಚ್ಚಳ ಅರ್ಧ ಸರಿದಿತ್ತು. ಒಳಗೆ ಕೋತಿಯೊಂದು ಬಿದ್ದಿತ್ತು. ಯಮನೂರ ಕೊಕ್ಕೆ ಹಾಕಿ ಎಳೆದಾಗ ಚರ್ಮ ಒಂದು ಕಡೆ, ಎಲುಬು ಒಂದು ಕಡೆಯಾಗಿ ಬಂತು. ಎರಡು ವಾರಕ್ಕೂ ಮೇಲಾಗಿರಬೇಕು.

ಅಷ್ಟು ದಿನ ಊರು ಅದೇ ನೀರು ಕುಡಿದಿತ್ತು, ಅದರಲ್ಲೇ ಅನ್ನ ಬೇಯಿಸಿತ್ತು, ಕೂಸುಗಳಿಗೆ ಹಾಲಿನಪುಡಿ ಕಲಸಿತ್ತು. ಮನೆಮನೆಯಲ್ಲಿ ಭೇದಿಯಿತ್ತು, ಬಿಸಿಲಿಗೆ ಹೀಗಾಗುತ್ತದೆಂದು ಆರೋಗ್ಯ ಕೇಂದ್ರದವರು ಗುಳಿಗೆ ಕೊಟ್ಟು ಹೋಗಿದ್ದರು. ಈಗ ಕೋತಿಯನ್ನು ಕಂಡು ಹೆಂಗಸರು ವಾಂತಿ ಮಾಡಿಕೊಂಡರು. ಆದರೆ ಅದು ಕಣ್ಣಿಗೆ ಬಂದ ಅಸಹ್ಯ. ಆ ಕೊಳೆತ ರಾಶಿಯಿಂದ ಮಾರುದೂರದಲ್ಲಿ ನಿಂತಿದ್ದರೂ ಒಬ್ಬರ ಕೈಯೂ ಮೂಗಿಗೆ ಹೋಗಿರಲಿಲ್ಲ. ಹಂಪಮ್ಮ ಅದನ್ನು ಗಮನಿಸಿದಳು.

ಮರುದಿನ ಪ್ರಯೋಗಾಲಯದಲ್ಲಿ ಅವಳು ನೇರವಾಗಿ ವಿಶಾಲಾಕ್ಷಿಯ ಮೇಜಿನ ಮುಂದೆ ನಿಂತು ನಡೆದದ್ದನ್ನೆಲ್ಲ ಹೇಳಿದಳು. ವಿಶಾಲಾಕ್ಷಿ ಎದ್ದು ಬಾಗಿಲು ಹಾಕಿ ಬಂದಳು. ಆಮೇಲೆ ಬಿಡಿಸಿ ಹೇಳಿದಳು. ಗಿಡದ ಕಾಪಿನ ರಸ ಎಂದು ತಾನು ಹೇಳಿದ್ದು ಅಮೈನು ಎಂಬ ಒಂದು ಜಾತಿಯ ರಾಸಾಯನಿಕ. ಗಿಡಕ್ಕೆ ಕಷ್ಟ ಬಂದಾಗ ಅದು ಕಾಯುತ್ತದೆ. ಪ್ರಾಣಿಯ ಹೆಣ ಕೊಳೆಯುವಾಗ ಹುಟ್ಟುವುದೂ ಅದೇ. ಗಾಜಿನ ಮನೆಯಲ್ಲಿ ಬೆಳೆದಾಗ ಗಿಡದಲ್ಲಿ ಅದು ಅತ್ಯಲ್ಪವಿತ್ತು. ಸವಳಹಾಳದ ಉಪ್ಪು ತಾವು ಎಣಿಸಿದ್ದಕ್ಕಿಂತ ಮೂರು ಪಟ್ಟು. ಅಲ್ಲಿ ಸ್ವಿಚ್ ಹತ್ತಿದ್ದು ಆರಲೇ ಇಲ್ಲ. ಇನ್ನು ಮೂಗಿನ ವಿಷಯ: ಒಂದೇ ವಾಸನೆ ಹಗಲಿರುಳು ಬಂದರೆ ಮೂಗಿನಲ್ಲಿ ಅದನ್ನು ಹಿಡಿಯುವ ಬಾಗಿಲು ಮುಚ್ಚಿಕೊಳ್ಳುತ್ತದೆ. ಉಳಿದ ವಾಸನೆಗಳೆಲ್ಲ ಬರುತ್ತಿರುತ್ತವೆ, ಆದ್ದರಿಂದ ತನ್ನ ಮೂಗು ಕೆಟ್ಟಿದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಕೊಳೆತದ್ದು ಎಂದು ಎಚ್ಚರಿಸುವ ಒಂದು ವಾಸನೆ ಮಾತ್ರ ಇಲ್ಲವಾಗಿರುತ್ತದೆ.

"ಹಂಪಮ್ಮ, ನಿಮಗೆ ಒಂದು ತೋರಿಸ್ಬೇಕು," ಎಂದು ಬೀರುವಿನಿಂದ ಒಂದು ಕಡತ ತೆಗೆದಳು.

ಅದರಲ್ಲಿ ಎರಡು ವರ್ಷದ ಹಿಂದಿನ ಕಾಗದಗಳಿದ್ದವು. ಆಗ ರುಚಿ ನೋಡಿದವರು ರಾಯಚೂರಿನ ಐದು ಹೆಂಗಸರು. ವಾಸನೆಯ ಸಾಲಿನಲ್ಲಿ ನಾಲ್ವರು ಹೆಣದ ವಾಸನೆ ಎಂದು ಬರೆದಿದ್ದರು. ಐದನೆಯವಳು ಬಾಯಿಗಿಡಲು ಒಪ್ಪದೆ ಎದ್ದುಹೋಗಿದ್ದಳು. ಪ್ರಯೋಗಾಲಯದ ಮುಖ್ಯಸ್ಥ ಜಯಸಿಂಹ ಆ ತಂಡವನ್ನು ತೆಗೆದುಹಾಕಿ, ಆ ಭತ್ತದ ನಡುವೆಯೇ ಒಂದು ವರ್ಷ ಬದುಕಿದ ಊರಿನಿಂದ ಹೊಸ ತಂಡ ತರಿಸಿದ್ದ. ಅಂಚಿನಲ್ಲಿ ಅವನ ಕೈಬರಹವಿತ್ತು: ಸ್ಥಳೀಯರಿಗೆ ತೊಂದರೆಯಿಲ್ಲ.

ಒಂದು ವರ್ಷದಿಂದ ತಾನು ನೀಟಾಗಿ ಸೀರೆ ಉಟ್ಟು, ಜೀಪು ಹತ್ತಿ, ಹೆಮ್ಮೆಯಿಂದ ಬಂದು ಕೂತದ್ದೆಲ್ಲ ಹಂಪಮ್ಮನ ಕಣ್ಣಿಗೆ ಕಟ್ಟಿತು. ಒಳ್ಳೆಯ ಮೂಗೆಂದು ಅವಳನ್ನು ಆರಿಸಿರಲಿಲ್ಲ, ಸತ್ತ ಮೂಗೆಂದು ಆರಿಸಿದ್ದರು.

"ನಿಮಗ ಗೊತ್ತಿತ್ತು," ಎಂದಳು. "ನಮ್ಮ ಕೈಲಿ ಹೊಲಸು ತಿನ್ಸಿದ್ರಿ. ನೀವೂ ಸುಮ್ನಿದ್ರಿ."

ವಿಶಾಲಾಕ್ಷಿ ಇಲ್ಲವೆನ್ನಲಿಲ್ಲ. ಸ್ವಿಚ್ಚನ್ನು ಸರಿಪಡಿಸಿಬಿಡಬಹುದು, ಇನ್ನೊಂದು ವರ್ಷ, ಇನ್ನಾರು ತಿಂಗಳು ಎಂದುಕೊಳ್ಳುತ್ತಲೇ ಕಾಲ ಹೋಯಿತು ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಹಂಪಮ್ಮನಿಗೆ ಆ ನೀರಿನ ಮೇಲೂ ಹೇಸಿಗೆಯಾಯಿತು.

ಜಯಸಿಂಹನ ಬಳಿ ಅವಳೇ ಹೋದಳು. ಅವನು ಕೂರಲು ಹೇಳಿ ಚಹಾ ತರಿಸಿದ. ಕೋತಿಯ ಕತೆಯನ್ನು ಮುಖ ಕಿವುಚದೆ ಕೇಳಿ, ಟ್ಯಾಂಕಿನ ಮುಚ್ಚಳ ನೋಡಿಕೊಳ್ಳುವುದು ಪಂಚಾಯಿತಿಯ ಕೆಲಸವೆಂದ. ಬೀಜ ಬಿಡುಗಡೆ ಸಮಿತಿಯವರು ಹತ್ತು ದಿನದಲ್ಲಿ ಬರುತ್ತಾರೆ, ಒಪ್ಪಿಗೆ ಸಿಕ್ಕರೆ ನಾಲ್ಕು ಜಿಲ್ಲೆಯ ಸವಳು ನೆಲವೆಲ್ಲ ಹಸಿರಾಗುತ್ತದೆ, ಅಷ್ಟು ದೊಡ್ಡ ಕೆಲಸಕ್ಕೆ ಇದೆಲ್ಲ ಅಡ್ಡ ಬರಬಾರದೆಂದು ತಿಳಿಹೇಳಿದ. ಅವನ ಅಂಗಿಯಿಂದ ಸೆಂಟಿನ ಪರಿಮಳ ಬರುತ್ತಿತ್ತು. ಸವಳಹಾಳಕ್ಕೆ ಬಂದಾಗಲೆಲ್ಲ ಅವನು ಕಾರಿನ ಗಾಜು ಇಳಿಸುತ್ತಿರಲಿಲ್ಲವೆಂಬುದು ಅವಳಿಗೆ ಆಗ ಹೊಳೆಯಿತು.

"ವಾಸನೆ ಅನ್ನೋದು ಅಭ್ಯಾಸದ ಮಾತು ಕಣಮ್ಮ," ಎಂದ. "ಸಮಿತಿ ಬರೋವರೆಗೂ ಊರು ಬಿಟ್ಟು ಎಲ್ಲೂ ಹೋಗ್ಬೇಡ. ಮೂಗು ತಾನಾಗೇ ಸರಿಹೋಗುತ್ತೆ."

ಹಂಪಮ್ಮ ಚಹಾ ಮುಟ್ಟದೆ ಎದ್ದಳು. ಎದ್ದವಳು ಊರಿಗೆ ಹೋಗಲಿಲ್ಲ. ಹೊಲ ಕೊಯ್ಲಿಗೆ ಬಂದಾಗ ಮನೆ ಬಿಟ್ಟು ಹೋದಳೆಂದು ಕರಿಯಪ್ಪ ಫೋನಿನಲ್ಲಿ ಬೈದ. ಬೈಸಿಕೊಂಡೂ, ಮೂಗು ಮತ್ತೆ ಮುಚ್ಚದಿರಲೆಂದು ಹತ್ತು ದಿನ ಬೀಗರ ಮನೆಯಲ್ಲೇ ಉಳಿದಳು. ಐದು ಜನರಲ್ಲಿ ತಾನೊಬ್ಬಳು ನಾರುತ್ತದೆ ಎಂದರೆ ನಾಲ್ವರು ಇಲ್ಲವೆನ್ನುತ್ತಾರೆ, ತನ್ನ ಕಾಗದ ಬುಟ್ಟಿಗೆ ಹೋಗುತ್ತದೆ. ಸಮಿತಿಗೆ ಬಡಿಸುವ ಅಕ್ಕಿಯನ್ನು ಜಯಸಿಂಹ ಉಪ್ಪು ಕಡಿಮೆಯಿರುವ ಮಡಿಯಿಂದ ತರಿಸಿರುತ್ತಾನೆ, ಅವರ ಮೂಗಿಗೂ ಏನೂ ತಾಗುವುದಿಲ್ಲ. ಇದನ್ನೆಲ್ಲ ಅತ್ತೆ ಸೊಸೆ ಒಲೆಯ ಮುಂದೆ ಕೂತು ಲೆಕ್ಕ ಹಾಕಿದರು. ಕಡೆಗೆ ಹುಲಿಗೆಮ್ಮ ಅರ್ಧ ಕೋಳಿ ತರಿಸಿ, ಡಬ್ಬಿಯಲ್ಲಿ ಹಾಕಿ ಮೂರು ದಿನ ಬಿಸಿಲಿಗಿಟ್ಟಳು. ಹೊರಡುವ ಬೆಳಿಗ್ಗೆ ಆ ಡಬ್ಬಿಗೆ ಐದು ಪ್ಲಾಸ್ಟಿಕ್ ಚೀಲ ಸುತ್ತಿ ಅತ್ತೆಯ ಕೈಗೆ ಕೊಟ್ಟಳು.

ಸಮಿತಿಯವರು ಏಳು ಜನ ಬಂದಿದ್ದರು. ಗೋಡೆಯುದ್ದಕ್ಕೂ ಕುರ್ಚಿ ಹಾಕಿ ಕೂರಿಸಿದ್ದರು. ಜಯಸಿಂಹ ಹಸಿರು ಗದ್ದೆಯ ಚಿತ್ರಗಳನ್ನು ತೋರಿಸುತ್ತಿದ್ದಾಗ ಒಳಗಿನ ಅಡುಗೆಕೋಣೆಯಲ್ಲಿ ಹಂಪಮ್ಮ ಐದನೆಯ ನಂಬರಿನ ಬಟ್ಟಲುಗಳ ತಳಕ್ಕೆ ಕೊಳೆತ ಕೋಳಿಯ ರಸ ಹಾಕಿ ಮೇಲೆ ಬಿಸಿ ಅನ್ನ ಮುಚ್ಚುತ್ತಿದ್ದಳು. ಸೆರಗನ್ನು ಮೂಗಿಗೆ ಬಿಗಿದಿದ್ದರೂ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಬಾಗಿಲಲ್ಲಿ ವಿಶಾಲಾಕ್ಷಿ ಬಂದು ನಿಂತಳು. ಬಟ್ಟಲು ನೋಡಿದಳು, ಹಂಪಮ್ಮನ ಮುಖ ನೋಡಿದಳು. ತಟ್ಟೆಯ ಒಂದು ಬದಿ ಹಿಡಿದು ಹೊರಗೆ ತರಲು ನೆರವಾದಳು.

ನಾಲ್ವರು ಹೆಂಗಸರು ಮೇಜಿನ ಮುಂದೆ ಸಾಲಾಗಿ ಕೂತಿದ್ದರು. ಒಂದು, ಎರಡು, ಮೂರು, ನಾಲ್ಕು. ಮೂಸಿದರು, ತಿಂದರು, ಬರೆದರು. ಐದನೆಯ ಮುಚ್ಚಳ ತೆಗೆದಾಗ ಹಬೆ ಮೇಲೆದ್ದಿತು. ಮುಂದಿನ ಕುರ್ಚಿಯಲ್ಲಿದ್ದ ಹಿರಿಯರೊಬ್ಬರು ಕರವಸ್ತ್ರ ತೆಗೆದರು. ಇನ್ನೊಬ್ಬರು ಎದ್ದು ಕಿಟಕಿಯ ಕಡೆ ಓಡಿದರು. ಜಯಸಿಂಹ ಅಂಗೈಯಿಂದ ಬಾಯಿ ಮುಚ್ಚಿಕೊಂಡು ಗೋಡೆಗೆ ಒರಗಿದ. ಆ ಗದ್ದಲಕ್ಕೆ ಹೆಂಗಸರು ತಲೆಯೆತ್ತಿ, ಈ ದೊಡ್ಡವರಿಗೆ ಏನಾಯಿತೆಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಬಟ್ಟಲಿಗೆ ಬಾಗಿ ನಿಧಾನವಾಗಿ ಮೂಸಿ, ವಾಸನೆಯ ಸಾಲಿನಲ್ಲಿ ಇಲ್ಲ ಎಂದು ಬರೆದರು. ಹಂಪಮ್ಮನ ನೆರೆಮನೆಯ ಬಸಲಿಂಗಮ್ಮ ಅಡಿಯಿಂದ ರಸ ಬೆರೆತ ಒಂದು ತುತ್ತು ಕಲಸಿ ಬಾಯಿಗೆ ಎತ್ತಿದಳು.

ಹಂಪಮ್ಮ ಅವಳ ಮಣಿಕಟ್ಟು ಹಿಡಿದಳು.

"ಬ್ಯಾಡ ಯವ್ವ. ಅದು ಕೊಳೆತ ಕೋಳಿ."

ಬಸಲಿಂಗಮ್ಮ ಕೈಯಲ್ಲಿದ್ದ ತುತ್ತನ್ನು ನೋಡಿದಳು, ಮತ್ತೆ ಮೂಗಿನ ಹತ್ತಿರ ತಂದಳು. ಏನೂ ಬರಲಿಲ್ಲ. ಗೋಡೆಯ ಬಳಿ ಓಕರಿಸುತ್ತಿದ್ದವರನ್ನು ನೋಡಿದಳು. ಅವಳ ಮುಖ ಕುಂದುತ್ತ ಹೋಯಿತು. ಬಟ್ಟಲು ತಳ್ಳಿ, ಕೈಯನ್ನು ಮೈಯಿಂದ ದೂರ ಚಾಚಿಕೊಂಡು, ಅದು ತನ್ನದಲ್ಲವೇನೋ ಎಂಬಂತೆ ಕೂತುಬಿಟ್ಟಳು. ರಾಯಚೂರಿನ ಹೆಂಗಸರ ಕಡತವನ್ನು ವಿಶಾಲಾಕ್ಷಿಯೇ ತಂದು ಸಮಿತಿಯ ಮುಂದಿಟ್ಟಳು.

ಬಿಡುಗಡೆ ನಿಂತಿತು. ನಿಂತ ಬೆಳೆಯನ್ನು ಉತ್ತು ಮಣ್ಣಿಗೆ ಸೇರಿಸಬೇಕು, ಮನೆಯಲ್ಲಿದ್ದ ಬೀಜ ಸುಡಬೇಕು ಎಂದು ಆದೇಶ ಬಂತು. ಜಯಸಿಂಹನನ್ನು ಕಂಪನಿ ಬೇರೆ ರಾಜ್ಯಕ್ಕೆ ಕಳಿಸಿತು, ಅದೇ ಹುದ್ದೆಗೆ. ವಿಶಾಲಾಕ್ಷಿ ಕೆಲಸ ಬಿಟ್ಟಳು. ಹೋಗುವ ಮುನ್ನ ಊರಿಗೆ ಬಂದು, ಸ್ವಿಚ್ ಸರಿಯಾದ ಭತ್ತ ಬರಲು ಆರೇಳು ವರ್ಷ ಬೇಕಾದೀತು, ಅದನ್ನು ಬೇರೆ ಕಡೆ ಮಾಡುತ್ತೇನೆ ಎಂದಳು. ಮುಂದಿನ ಸಲ ಮೊದಲು ಹೊರಗಿನವರ ಮೂಗಿಗೆ ಕೊಡಿರೆಂದಷ್ಟೇ ಹಂಪಮ್ಮ ಹೇಳಿದಳು. ಒಳಗೆ ಕರೆಯಲಿಲ್ಲ.

ಟ್ರ್ಯಾಕ್ಟರುಗಳು ಕಾಳು ಕಟ್ಟಿದ ಹೊಲವನ್ನು ಮಗುಚಿದ ದಿನ ಊರಲ್ಲಿ ಒಲೆ ಹೊತ್ತಲಿಲ್ಲ. ಬಸಲಿಂಗಮ್ಮ ಎದುರಿಗೆ ಬಂದರೂ ಮುಖ ತಿರುಗಿಸುತ್ತಿದ್ದಳು. ಕರಿಯಪ್ಪ ಒಂದೇ ಮಾತು ಆಡಿದ: "ನಿನ್ನ ಮೂಗು ನಮ್ಮ ಅನ್ನ ತಿಂತು." ಆಮೇಲೆ ಮಾತು ಬಿಟ್ಟ. ಅಧಿಕಾರಿಗಳು ಬೀಜ ಒಯ್ಯಲು ಬಂದಾಗ ಒಂದು ಚೀಲವನ್ನು ಮಂಚದಡಿ ಮುಚ್ಚಿಟ್ಟುಕೊಂಡ. ಹಂಪಮ್ಮ ಅದನ್ನು ಹೊಸ್ತಿಲಲ್ಲೇ ಮೂಸಿ ತಿಳಿದಳು. ಯಾರಿಗೂ ಹೇಳಲಿಲ್ಲ, ತನ್ನ ಹಾಸಿಗೆಯನ್ನು ಅಂಗಳಕ್ಕೆ ಹಾಕಿಕೊಂಡಳು.

ಹೊಲಗಳು ಬರಿದಾದ ಮೂರನೆಯ ವಾರದಲ್ಲಿ ಊರಿನ ಮೂಗುಗಳು ಒಂದೊಂದಾಗಿ ತೆರೆಯತೊಡಗಿದವು. ಮೊದಲು ಬಸಲಿಂಗಮ್ಮನ ಮನೆಯಲ್ಲಿ ವಾಂತಿಯ ಸದ್ದು ಕೇಳಿತು. ಅವಳು ಕೌದಿ, ಹಾಸಿಗೆ, ಗಂಡನ ತಲೆಗೆ ಸುತ್ತುವ ಪಟಗ ಎಲ್ಲ ಹೊತ್ತುಕೊಂಡು ಕಾಲುವೆಗೆ ಓಡಿದಳು. ಮರುದಿನ ಓಣಿಗೆ ಓಣಿಯೇ ಕಾಲುವೆಯಲ್ಲಿತ್ತು. ಗೋಡೆ ಕೆರೆದು ಸುಣ್ಣ ಬಳಿದರು, ಮಕ್ಕಳ ತಲೆ ಬೋಳಿಸಿದರು, ಬಾಗಿಲಿಗೆ ಹಾಕಿದ ಪರದೆ ಸುಟ್ಟರು. ಬಸಲಿಂಗಮ್ಮ ಹಂಪಮ್ಮನ ಪಕ್ಕದ ಕಲ್ಲಿಗೆ ಬಂದು, ಅವಳ ಸಾಬೂನನ್ನು ಕೇಳದೆಯೇ ತೆಗೆದುಕೊಂಡು, ಮೈ ಕೆಂಪಾಗುವಂತೆ ತಿಕ್ಕಿಕೊಂಡಳು. ಎರಡು ವರ್ಷದಿಂದ ತಾನು ಯಾವುದನ್ನು ಉಂಡೆ, ಯಾವುದನ್ನು ಉಣಿಸಿದೆ ಎಂದು ಗೊಣಗುತ್ತಿದ್ದಳು.

ಕರಿಯಪ್ಪನ ಮೂಗು ಎಲ್ಲರಿಗಿಂತ ತಡವಾಗಿ ತೆರೆಯಿತು; ಅವನು ಮಲಗುತ್ತಿದ್ದುದೇ ಚೀಲದ ಮೇಲೆ. ಮುಂಗಾರಿನ ಮೊದಲ ಮೋಡಗಳು ಕಂಡ ಹೊತ್ತಿಗೆ ಹೆಗಲಿಗೆ ಟವಲು ಹಾಕಿಕೊಂಡು ತಂಗಿಯ ಊರಿಗೆ ಹೋಗಿ, ಎರಡು ವಾರ ಇದ್ದು ಬಂದ. ಬಂದವನು ಹೊಸ್ತಿಲಲ್ಲಿ ನಿಂತ. ಒಳಗೆ ಹೆಜ್ಜೆಯಿಡಲು ಹೋಗಿ ಹಿಂದೆ ಸರಿದ. ಹಂಪಮ್ಮ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅವನು ಉಸಿರು ಬಿಗಿಹಿಡಿದು ಒಳಗೆ ಹೋಗಿ, ಮಂಚದಡಿಯ ಚೀಲವನ್ನು ಎಳೆದು ತಂದು, ಊರ ಹೊರಗಿನ ಬಿಳಿ ನೆಲದ ಮೇಲೆ ಸುರುವಿ ಬೆಂಕಿ ಹಚ್ಚಿದ. ಹಿಂತಿರುಗಿ ಬಂದು ಅವಳಿಂದ ಮಾರು ದೂರದಲ್ಲಿ ಕೂತು ಬಹಳ ಹೊತ್ತು ಕೈ ತಿಕ್ಕಿಕೊಂಡ.

"ಇದರ ಜೋಡಿ ಹೆಂಗ ಮಲಗಿದ್ನೆ ನಾನು?" ಎಂದ.

"ನಾನೂ ಮಲಗಿದ್ದೆ," ಎಂದಳು ಹಂಪಮ್ಮ.

ಅವನು ತಲೆ ತಗ್ಗಿಸಿ ಇನ್ನೂ ಕೈ ತಿಕ್ಕುತ್ತಿದ್ದ. ಅವಳು ಮೊರ ಬದಿಗಿಟ್ಟು ಎದ್ದು, ಬಕೆಟ್ಟಿನಲ್ಲಿ ನೀರು, ಸೀಗೆಪುಡಿ ತಂದು ಅವನ ಮುಂದೆ ಕೂತು, ಅಂಗೈಯಿಂದ ಮೊಣಕೈವರೆಗೆ ತಾನೇ ತೊಳೆಯತೊಡಗಿದಳು.